ಬಳಸುದಾರಿಯ ಭೌತವಿಜ್ಞಾನ

ಪ್ರಯಾಣಕ್ಕೆ ಹೊರಟವರು ಮೊದಲು ಕೇಳುವ ಪ್ರಶ್ನೆ "ಹತ್ತಿರದ ದಾರಿ ಯಾವುದು?" ಎಂಬುದು. ಹಿಂದೆ ಈ ಪ್ರಶ್ನೆಗೆ ದಾರಿಹೋಕರೂ ಬಂಡಿಯವರೂ ಉತ್ತರ ಹೇಳುತ್ತಿದ್ದರು. ಈಗ ಅಂಗೈಯಲ್ಲಿರುವ ಫೋನೇ ಕ್ಷಣಾರ್ಧದಲ್ಲಿ ಹೇಳಿಬಿಡುತ್ತದೆ. ಆದರೆ ಪ್ರಶ್ನೆಯನ್ನು ಸ್ವಲ್ಪ ಪರೀಕ್ಷಿಸಿ ನೋಡಿದರೆ ಅದು ಮೇಲ್ನೋಟಕ್ಕೆ ತೋರುವಷ್ಟು ಸರಳವಾದುದಲ್ಲವೆಂದು ತಿಳಿಯುತ್ತದೆ. ಹತ್ತಿರವೆಂದರೆ ಯಾವ ಲೆಕ್ಕದಲ್ಲಿ ಹತ್ತಿರ? ಕಿಲೋಮೀಟರುಗಳ ಲೆಕ್ಕದಲ್ಲಿಯೆ, ಗಂಟೆಗಳ ಲೆಕ್ಕದಲ್ಲಿಯೆ, ಖರ್ಚಾಗುವ ಇಂಧನದ ಲೆಕ್ಕದಲ್ಲಿಯೆ, ಅಥವಾ ಒದಗಬಹುದಾದ ಅಪಾಯದ ಲೆಕ್ಕದಲ್ಲಿಯೆ? ಒಂದೊಂದು ಲೆಕ್ಕಕ್ಕೆ ಒಂದೊಂದು ದಾರಿ ಹತ್ತಿರವಾಗಬಹುದು.

ಮೈಸೂರು ನಗರದಲ್ಲಿ ವಾಸಿಸುವ ನಮಗೆ ಈ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ನಮ್ಮ ನಗರವು ಸಮುದ್ರಮಟ್ಟದಿಂದ ಸುಮಾರು ೭೬೦ ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಪಶ್ಚಿಮಕ್ಕೆ ಹೊರಟರೆ ಕೊಡಗಿನ ಬೆಟ್ಟಗಳು, ದಕ್ಷಿಣಕ್ಕೆ ನೀಲಗಿರಿ, ಆಗ್ನೇಯಕ್ಕೆ ಬಿಳಿಗಿರಿರಂಗನ ಬೆಟ್ಟ, ಪೂರ್ವಕ್ಕೆ ಕಾವೇರಿಯ ಜಲಪಾತಗಳು. ಈ ಎಲ್ಲ ದಿಕ್ಕುಗಳಿಗೂ ಬೇಗ ಮುಟ್ಟಿಸುವ ಹೆದ್ದಾರಿಯೊಂದು, ನಿಧಾನವಾಗಿ ಬಳಸಿ ಹೋಗುವ ದಾರಿಯೊಂದು ಬಹುಮಟ್ಟಿಗೆ ಇದ್ದೇ ಇರುತ್ತದೆ. ರಜೆಯಲ್ಲಿ ಮನೆಯವರೊಡನೆಯೋ ಸ್ನೇಹಿತರೊಡನೆಯೋ ಹೊರಟ ವಿದ್ಯಾರ್ಥಿಗಳು ಎರಡನೆಯದನ್ನು ಆರಿಸಿಕೊಂಡರೆ ಕಣ್ಣಿಗೆ ಹಬ್ಬವಾಗುವುದರಲ್ಲಿ ಸಂದೇಹವಿಲ್ಲ. ಅದರೊಡನೆ ತರಗತಿಯಲ್ಲಿ ಓದಿದ ಭೌತವಿಜ್ಞಾನದ ಹಲವು ಅಧ್ಯಾಯಗಳೂ ರಸ್ತೆಯ ಮೇಲೆ ಎದುರಾಗುತ್ತವೆ. ಅವುಗಳಲ್ಲಿ ಕೆಲವನ್ನು ತಿಳಿಯದೆ ಹೊರಟರೆ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಆದುದರಿಂದ ಈ ಬಳಸುದಾರಿಗಳ ವಿಜ್ಞಾನವನ್ನು ಸ್ವಲ್ಪ ವಿಚಾರ ಮಾಡೋಣ.

ಬೆಳಕು ಹಿಡಿಯುವ ದಾರಿ

ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಸರಳರೇಖೆಯೆಂದು ರೇಖಾಗಣಿತ ಹೇಳುತ್ತದೆ. ಅತಿ ಬೇಗನೆ ಮುಟ್ಟಿಸುವ ದಾರಿಯೂ ಅದೇ ಎಂದು ರೇಖಾಗಣಿತ ಎಲ್ಲಿಯೂ ಹೇಳಿಲ್ಲ. ಈ ಎರಡರ ವ್ಯತ್ಯಾಸವನ್ನು ಒಂದು ಸಾಮಾನ್ಯ ಉದಾಹರಣೆಯಿಂದ ತಿಳಿಯಬಹುದು. ಒಂದು ಒಣ ಬಯಲು, ಅದಕ್ಕೆ ಸೇರಿದಂತೆ ನೀರು ಕಟ್ಟಿ ಉತ್ತಿರುವ ಕೆಸರುಗದ್ದೆ. ಬಯಲಿನಲ್ಲಿ ನಿಂತ ಹುಡುಗನೊಬ್ಬ ಗದ್ದೆಯ ಆಚೆಯ ಮೂಲೆಯನ್ನು ಬೇಗನೆ ಮುಟ್ಟಬೇಕಾಗಿದೆ. ಬಯಲಿನಲ್ಲಿ ಅವನು ಓಡಬಲ್ಲ. ಕೆಸರಿನಲ್ಲಿ ಕಾಲೆಳೆದುಕೊಂಡು ನಡೆಯಬೇಕು. ಬುದ್ಧಿವಂತನಾದ ಹುಡುಗ ನೇರವಾಗಿ ಹೋಗುವುದಿಲ್ಲ. ಬಯಲಿನಲ್ಲಿ ಸ್ವಲ್ಪ ಹೆಚ್ಚು ದೂರ ಓಡಿ, ಕೆಸರಿನ ದೂರವನ್ನು ಕಡಮೆ ಮಾಡಿಕೊಳ್ಳುತ್ತಾನೆ. ಅವನ ದಾರಿ ಗದ್ದೆಯ ಬದುವಿನಲ್ಲಿ ಮುರಿದು ಬಾಗುತ್ತದೆ. ಒಟ್ಟು ದೂರ ಹೆಚ್ಚಾದರೂ ಒಟ್ಟು ಕಾಲ ಕಡಮೆಯಾಗುತ್ತದೆ.

ಬೆಳಕು ಮಾಡುವುದೂ ಇದನ್ನೇ. ಗಾಳಿಯಲ್ಲಿ ವೇಗವಾಗಿಯೂ ನೀರಿನಲ್ಲಿ ನಿಧಾನವಾಗಿಯೂ ಸಾಗುವ ಬೆಳಕು ನೀರಿನ ಮೇಲ್ಮೈಯಲ್ಲಿ ಬಾಗುತ್ತದೆ. ಇದೇ ವಕ್ರೀಭವನ. ಈ ಬಾಗುವಿಕೆಯ ನಿಯಮವನ್ನು, ಬೆಳಕು ಕನಿಷ್ಠ ಕಾಲದ ಪಥವನ್ನು ಹಿಡಿಯುವುದೆಂಬ ಒಂದೇ ತತ್ತ್ವದಿಂದ ಪಡೆಯಬಹುದೆಂದು ಫ್ರಾನ್ಸಿನ ಗಣಿತಜ್ಞ ಪಿಯರ್ ಫರ್ಮಾ ೧೬೬೨ರಲ್ಲಿ ತೋರಿಸಿಕೊಟ್ಟನು.

ಮೂವತ್ತನಾಲ್ಕು ವರ್ಷಗಳ ಬಳಿಕ, ೧೬೯೬ರಲ್ಲಿ, ಯೋಹಾನ್ ಬರ್ನೂಲಿ ಯೂರೋಪಿನ ಗಣಿತಜ್ಞರ ಮುಂದೆ ಇನ್ನೊಂದು ಸಮಸ್ಯೆಯನ್ನಿಟ್ಟನು. ಮೇಲಿನ ಬಿಂದುವಿನಿಂದ ಓರೆಯಾಗಿ ಕೆಳಗಿರುವ ಇನ್ನೊಂದು ಬಿಂದುವಿಗೆ ಘರ್ಷಣೆಯಿಲ್ಲದೆ ಜಾರುವ ಗುಂಡು ಅತಿ ಬೇಗನೆ ತಲಪಬೇಕಾದರೆ ಜಾರುದಾರಿಯ ಆಕಾರ ಹೇಗಿರಬೇಕು? ಸರಳರೇಖೆಯೆಂದು ನಮಗೆ ತೋರುವುದು ಸಹಜ. ಸರಿಯಾದ ಉತ್ತರ ಬೇರೆ. ಉರುಳುವ ಬಂಡಿಚಕ್ರದ ಅಂಚಿನಲ್ಲಿರುವ ಒಂದು ಬಿಂದು ಗಾಳಿಯಲ್ಲಿ ಎಳೆಯುವ ಕಮಾನಿನಂಥ ರೇಖೆಯನ್ನು ತಲೆಕೆಳಗು ಮಾಡಿದರೆ ಬರುವ ಆಕಾರವೇ ಆ ದಾರಿ. ಅದು ಸರಳರೇಖೆಗಿಂತ ಉದ್ದವಾದುದು. ಆದರೆ ಮೊದಲಲ್ಲೇ ಕಡಿದಾಗಿ ಇಳಿಯುವುದರಿಂದ ಗುಂಡು ಬೇಗನೆ ವೇಗ ಗಳಿಸಿಕೊಂಡು ಉಳಿದ ದೂರವನ್ನು ಶೀಘ್ರವಾಗಿ ಕ್ರಮಿಸುತ್ತದೆ. ಸೀಳಿದ ಎರಡು ಬಿದಿರಿನ ದಬ್ಬೆಗಳನ್ನು ತೆಗೆದುಕೊಂಡು, ಒಂದನ್ನು ನೇರವಾಗಿಯೂ ಇನ್ನೊಂದನ್ನು ಕೆಳಗೆ ಬಾಗಿಸಿಯೂ ಕಟ್ಟಿ, ಎರಡರ ಮೇಲಿನ ತುದಿಯಿಂದ ಒಟ್ಟಿಗೆ ಗೋಲಿಗಳನ್ನು ಬಿಟ್ಟು ನೋಡಿರಿ. ಬಾಗಿದ ದಾರಿಯ ಗೋಲಿ ಗೆಲ್ಲುವುದನ್ನು ನೀವೇ ಕಾಣುವಿರಿ.

ಈ ಎರಡು ಉದಾಹರಣೆಗಳಿಂದ ತಿಳಿಯಬೇಕಾದುದು ಇಷ್ಟು. "ಒಳ್ಳೆಯ ದಾರಿ ಯಾವುದು?" ಎಂದು ಕೇಳುವ ಮೊದಲು "ಯಾವುದನ್ನು ಕಡಮೆ ಮಾಡಬೇಕಾಗಿದೆ?" ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಉತ್ತರ ಅದರ ಮೇಲೆ ನಿಂತಿದೆ.

ಚಾಮುಂಡಿಬೆಟ್ಟದ ಮೆಟ್ಟಿಲೂ ರಸ್ತೆಯೂ

ಮೈಸೂರಿನವರಿಗೆ ಇದರ ಅತಿ ಸಮೀಪದ ನಿದರ್ಶನ ಚಾಮುಂಡಿಬೆಟ್ಟ. ನೆತ್ತಿಯನ್ನು ಸೇರಲು ಎರಡು ದಾರಿಗಳಿವೆ. ಒಂದು, ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ, ಸುಮಾರು ಸಾವಿರ ಮೆಟ್ಟಿಲುಗಳ ನೇರ ದಾರಿ. ಇನ್ನೊಂದು, ಬೆಟ್ಟವನ್ನು ಸುತ್ತಿ ಸುತ್ತಿ ಏರುವ ವಾಹನದ ರಸ್ತೆ.

ಐವತ್ತು ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬ ಮೆಟ್ಟಿಲು ಹತ್ತುತ್ತಾನೆಂದು ಭಾವಿಸೋಣ. ಪಾದದಿಂದ ನೆತ್ತಿಗೆ ೨೫೦ ಮೀಟರ್ ಏರಿಕೆಯೆಂದು ಇಟ್ಟುಕೊಂಡರೆ ಅವನು ಗುರುತ್ವಾಕರ್ಷಣದ ವಿರುದ್ಧ ಮಾಡುವ ಕೆಲಸ ೫೦ × ೯.೮ × ೨೫೦, ಎಂದರೆ ೧,೨೨,೫೦೦ ಜೂಲ್. ಇದು ಸುಮಾರು ೨೯ ಕಿಲೋಕ್ಯಾಲರಿಗೆ ಸಮ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸಬಲ್ಲವು. ಉಳಿದುದು ಶಾಖವಾಗಿ ಹೋಗುತ್ತದೆ. ಆದುದರಿಂದಲೇ ಬೆಟ್ಟ ಹತ್ತಿದವನು ಬೆವರುತ್ತಾನೆ. ಹಾಗೆ ಲೆಕ್ಕ ಹಾಕಿದರೆ ಸುಮಾರು ೧೨೦ ಕಿಲೋಕ್ಯಾಲರಿ, ಎಂದರೆ ಎರಡು ಮೂರು ಇಡ್ಲಿಗಳ ಶಕ್ತಿ, ಬೆಟ್ಟ ಹತ್ತುವುದಕ್ಕೆ ಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ಹತ್ತಿದರೆ ಅವನ ಕೆಲಸದ ದರ ೬೮ ವಾಟ್. ಹಳೆಯ ಕಾಲದ ಒಂದು ವಿದ್ಯುದ್ದೀಪ ಉರಿಯುವಷ್ಟು.

ರಸ್ತೆಯಲ್ಲಿ ಸುತ್ತಿ ಹೋದರೆ ಗುರುತ್ವಾಕರ್ಷಣದ ವಿರುದ್ಧ ಮಾಡುವ ಕೆಲಸವೇನೂ ಕಡಮೆಯಾಗುವುದಿಲ್ಲ. ಏರಿಕೆ ಅಷ್ಟೇ ಇರುವುದರಿಂದ ಕೆಲಸವೂ ಅಷ್ಟೇ. ಕಡಮೆಯಾಗುವುದು ಬೇಕಾಗುವ ಬಲ. ಇಪ್ಪತ್ತು ಮೀಟರ್ ಸಾಗಿದಾಗ ಒಂದು ಮೀಟರ್ ಏರುವ ರಸ್ತೆಯಲ್ಲಿ, ಘರ್ಷಣೆಯನ್ನು ಬದಿಗಿಟ್ಟರೆ, ವಾಹನವನ್ನು ಮೇಲಕ್ಕೆಳೆಯಲು ಅದರ ತೂಕದ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಬಲ ಸಾಕು. ಅದಕ್ಕೆ ತೆರಬೇಕಾದ ಬೆಲೆಯೆಂದರೆ ೨೫೦ ಮೀಟರ್ ಏರಲು ಐದು ಕಿಲೋಮೀಟರ್ ರಸ್ತೆ. ಬಲವನ್ನು ಉಳಿಸಬೇಕಾದರೆ ದೂರವನ್ನು ಕೊಡಬೇಕು. ಓರೆತಲದ ಈ ವ್ಯಾಪಾರವೇ ಪ್ರಪಂಚದ ಎಲ್ಲ ಘಾಟಿ ರಸ್ತೆಗಳ ತಿರುವುಗಳಿಗೂ ಮೂಲಕಾರಣ. ರಸ್ತೆ ಬಳಸಿ ಹೋಗುವುದು ಪ್ರಯಾಣಿಕರ ಕಣ್ಣಿಗೆ ಚೆಲುವಾಗಿ ಕಾಣಲೆಂದಲ್ಲ. ಆದರೆ ಆ ಬಳಸುವಿಕೆಯಿಂದಾಗಿಯೇ ಪ್ರತಿಯೊಂದು ತಿರುವಿನಲ್ಲಿಯೂ ಹೊಸ ದಿಕ್ಕಿನ ನೋಟ ದೊರೆಯುತ್ತದೆ.

ಆ ನೋಟ ಎಷ್ಟು ದೂರದವರೆಗೆ ಹರಿಯಬಲ್ಲುದು? ಭೂಮಿ ಗೋಳಾಕಾರವಾಗಿರುವುದರಿಂದ ದಿಗಂತಕ್ಕೆ ಒಂದು ಮಿತಿಯಿದೆ. ನಾವು ನಿಂತಿರುವ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ೩.೫೭ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಬರುತ್ತದೆ. ಚಾಮುಂಡಿಬೆಟ್ಟದ ನೆತ್ತಿ ಮೈಸೂರಿನ ಬಯಲಿಗಿಂತ ಸುಮಾರು ೩೦೦ ಮೀಟರ್ ಮೇಲಿದೆ. ಆದುದರಿಂದ ಬಯಲಿನ ದಿಗಂತ ೬೨ ಕಿಲೋಮೀಟರ್ ದೂರದಲ್ಲಿರುತ್ತದೆ. ನೀಲಗಿರಿಯ ದೊಡ್ಡಬೆಟ್ಟ ಇಲ್ಲಿಂದ ನೇರ ರೇಖೆಯಲ್ಲಿ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಆದರೂ ಆ ಪರ್ವತವೇ ೨,೬೩೭ ಮೀಟರ್ ಎತ್ತರವಿರುವುದರಿಂದ ಭೂಮಿಯ ಉಬ್ಬು ಅದನ್ನು ನಮ್ಮಿಂದ ಮರೆಮಾಡಲಾರದು. ಮರೆಮಾಡುವುದು ನಡುವಿನ ಗಾಳಿಯ ಧೂಳು ಮತ್ತು ಮಬ್ಬು. ಮಳೆ ಹೊಯ್ದು ಗಾಳಿ ತೊಳೆದಂತಾದ ದಿನ ದಕ್ಷಿಣ ದಿಕ್ಕಿನಲ್ಲಿ ದೂರದ ಬೆಟ್ಟಗಳ ನೀಲಿ ಸಾಲು ಏಳುವುದಕ್ಕೆ ಇದೇ ಕಾರಣ. ಆ ನೀಲಿಯೂ ಬೆಟ್ಟದ ಬಣ್ಣವಲ್ಲ. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿಯ ಅಣುಗಳು ಬಿಸಿಲಿನ ಕೆಂಪು ಭಾಗಕ್ಕಿಂತ ನೀಲಿ ಭಾಗವನ್ನು ಹೆಚ್ಚಾಗಿ ಚೆದರಿಸಿ ನಮ್ಮ ಕಣ್ಣಿಗೆ ಕಳುಹಿಸುತ್ತವೆ. ನಾವು ನೋಡುವುದು ನೂರು ಕಿಲೋಮೀಟರ್ ದಪ್ಪದ ಒಂದು ಪುಟ್ಟ ಆಕಾಶವನ್ನು.

ಬೆಂಗಳೂರಿಗೆ ಹೋಗುವ ಎರಡು ಬಗೆ

ಮೈಸೂರಿನಿಂದ ಬೆಂಗಳೂರಿಗೆ ೨೦೨೩ರ ಮಾರ್ಚ್ ತಿಂಗಳಿನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದರ ಉದ್ದ ಸುಮಾರು ೧೧೮ ಕಿಲೋಮೀಟರ್. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳನ್ನು ಅದು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಹಿಂದೆ ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಅದರ ಅರ್ಧದಷ್ಟು ಕಾಲದಲ್ಲಿ ಮುಗಿಯುತ್ತದೆ. ಆತುರದ ಕೆಲಸವಿದ್ದವರಿಗೆ ಇದಕ್ಕಿಂತ ಉಪಕಾರ ಬೇರೆಯಿಲ್ಲ.

ಆತುರವಿಲ್ಲದವರು ತಿರುಮಕೂಡಲು ನರಸೀಪುರ, ತಲಕಾಡು, ಶಿವನಸಮುದ್ರ, ಮಳವಳ್ಳಿ, ಕನಕಪುರಗಳ ಮೇಲೆ ಹೋಗಬಹುದು. ದಾರಿ ಗಣನೀಯವಾಗಿ ಉದ್ದವಾಗುತ್ತದೆ. ಒಂದು ಇಡೀ ದಿನವೇ ಬೇಕಾಗಬಹುದು. ಆದರೆ ದಾರಿಯಲ್ಲಿ ಕಾವೇರಿಯೇ ನಮಗೆ ಪಾಠ ಹೇಳುತ್ತಾಳೆ.

ತಲಕಾಡಿನ ಬಳಿ ಕಾವೇರಿ ದೊಡ್ಡದಾಗಿ ಬಾಗಿ ಹರಿಯುತ್ತದೆ. ಬಯಲಿನಲ್ಲಿ ಹರಿಯುವ ನದಿಗಳೆಲ್ಲ ಹೀಗೆ ಬಾಗುವುದೇಕೆಂಬುದನ್ನು ಕುರಿತು ಐನ್‌ಸ್ಟೈನ್ ೧೯೨೬ರಲ್ಲಿ ಒಂದು ಪುಟ್ಟ ಲೇಖನ ಬರೆದನು. ಅದರಲ್ಲಿ ಆತ ಉದಾಹರಿಸಿದುದು ಚಹದ ಬಟ್ಟಲನ್ನು. ಚಹದ ಎಲೆಚೂರುಗಳು ತಳದಲ್ಲಿರುವ ಬಟ್ಟಲನ್ನು ಚಮಚದಿಂದ ಕಲಕಿ ಬಿಟ್ಟರೆ ಚೂರುಗಳು ಅಂಚಿಗೆ ಚಿಮ್ಮದೆ ತಳದ ಮಧ್ಯದಲ್ಲಿ ಬಂದು ಗುಂಪಾಗುತ್ತವೆ. ಸುತ್ತುವ ನೀರು ಅಂಚಿನಲ್ಲಿ ಒತ್ತಡವನ್ನು ಹೆಚ್ಚಿಸುತ್ತದೆ. ತಳದ ನೀರು ಘರ್ಷಣೆಯಿಂದ ನಿಧಾನವಾಗಿ ಸುತ್ತುವುದರಿಂದ ಆ ಒತ್ತಡವನ್ನು ಎದುರಿಸಲಾರದೆ ಒಳಮುಖವಾಗಿ ಹರಿದು, ತನ್ನೊಡನೆ ಚೂರುಗಳನ್ನೂ ತಳ್ಳಿಕೊಂಡು ಬರುತ್ತದೆ. ನದಿಯ ಬಾಗಿನಲ್ಲಿಯೂ ಹೀಗೆಯೇ. ತಳದ ನೀರು ಹೊರದಡದಿಂದ ಒಳದಡದ ಕಡೆಗೆ ಮರಳನ್ನು ಸಾಗಿಸುತ್ತದೆ. ಹೊರದಡ ಕೊರೆಯುತ್ತದೆ, ಒಳದಡ ಬೆಳೆಯುತ್ತದೆ. ಬಾಗು ಇನ್ನಷ್ಟು ಬಾಗುತ್ತದೆ. ನೀರಿಳಿದ ಮೇಲೆ ಹೊರಬಿದ್ದ ಮರಳನ್ನು ಗಾಳಿ ಕುಪ್ಪಳಿಸಿ ಕುಪ್ಪಳಿಸಿ ಒಯ್ದು ದಿಬ್ಬಗಳನ್ನು ಕಟ್ಟುತ್ತದೆ. ತಲಕಾಡಿನ ಮರಳಿಗೆ ಅಲಮೇಲಮ್ಮನ ಶಾಪದ ಕಥೆ ಹೊಂದಿಕೊಂಡಿರುವುದು ಎಲ್ಲರಿಗೂ ತಿಳಿದದ್ದೇ. ಮರಳಿನಲ್ಲಿ ಹೂತುಹೋಗಿದ್ದ ದೇವಾಲಯಗಳನ್ನು ನೋಡುವಾಗ ಕಥೆಯ ಜೊತೆಗೆ ನದಿ ಮತ್ತು ಗಾಳಿಗಳ ಈ ದೀರ್ಘಕಾಲದ ದುಡಿಮೆಯನ್ನೂ ನೆನೆಯುವುದು ಉಚಿತ.

ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿ ಎಂಬ ಎರಡು ಜಲಪಾತಗಳಾಗಿ ಧುಮುಕುತ್ತದೆ. ಇಲ್ಲಿಯ ವಿದ್ಯುದಾಗಾರ ೧೯೦೨ರಲ್ಲಿ ಕೆಲಸ ಪ್ರಾರಂಭಿಸಿ, ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ೧೯೦೫ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪಗಳು ಬಂದುದು ಇಲ್ಲಿಂದಲೇ. ನೀರು ನೂರು ಮೀಟರ್ ಬೀಳುವುದೆಂದು ಇಟ್ಟುಕೊಂಡು ಲೆಕ್ಕ ಮಾಡಿರಿ. ಸೆಕೆಂಡಿಗೆ ಒಂದು ಘನಮೀಟರ್, ಎಂದರೆ ಸಾವಿರ ಕಿಲೋಗ್ರಾಂ, ನೀರು ಬಿದ್ದರೆ ೯೮೦ ಕಿಲೋವಾಟ್ ಸಾಮರ್ಥ್ಯ ದೊರೆಯುತ್ತದೆ. ಇದೇ ನೀರು ಯಂತ್ರದೊಳಕ್ಕೆ ಹೋಗದೆ ಬಂಡೆಯ ಮೇಲೆ ಬಿದ್ದು ಆ ಶಕ್ತಿಯೆಲ್ಲ ಶಾಖವಾದರೆ ನೀರಿನ ಉಷ್ಣತೆ ಏರುವುದು ಒಂದು ಡಿಗ್ರಿಯ ಕಾಲುಭಾಗಕ್ಕಿಂತಲೂ ಕಡಮೆ. ಬೆಟ್ಟವನ್ನು ಒಡೆಯುವಂತೆ ಅಬ್ಬರಿಸುವ ಜಲಪಾತದ ಶಕ್ತಿ ಶಾಖವಾದಾಗ ಕೈಗೆ ತಿಳಿಯದಷ್ಟು ಅಲ್ಪ. ಇದಕ್ಕೆ ನೀರಿನ ವಿಶಿಷ್ಟೋಷ್ಣದ ಹಿರಿಮೆಯೇ ಕಾರಣ. ಕಬ್ಬಿಣಕ್ಕೆ ಆ ಹಿರಿಮೆಯಿಲ್ಲವೆಂಬುದನ್ನು ಮುಂದೆ ನೋಡುವೆವು.

ನೀಲಗಿರಿಗೆ ಎರಡು ಮುಖ

ಮೈಸೂರಿನಿಂದ ದಕ್ಷಿಣಕ್ಕೆ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳನ್ನು ಹಾದು ಸುಮಾರು ೯೦ ಕಿಲೋಮೀಟರ್ ಹೋದರೆ ತೆಪ್ಪಕಾಡು ಸಿಕ್ಕುತ್ತದೆ. ಅಲ್ಲಿಂದ ಉದಕಮಂಡಲಕ್ಕೆ ಎರಡು ದಾರಿಗಳು. ಮಸಿನಗುಡಿ, ಕಲ್ಹಟ್ಟಿಗಳ ಮೇಲೆ ಹೋದರೆ ಸುಮಾರು ೩೬ ಕಿಲೋಮೀಟರ್. ಗೂಡಲೂರಿನ ಮೇಲೆ ಬಳಸಿ ಹೋದರೆ ಸುಮಾರು ೬೭ ಕಿಲೋಮೀಟರ್. ಎರಡು ದಾರಿಗಳೂ ಮುಟ್ಟುವುದು ಸಮುದ್ರಮಟ್ಟದಿಂದ ಸುಮಾರು ೨,೨೪೦ ಮೀಟರ್ ಎತ್ತರದ ಒಂದೇ ಊರನ್ನು.

ಗುಂಡ್ಲುಪೇಟೆ ದಾಟಿದ ಮೇಲೆ ಹಂಗಳದ ಬಳಿ ಹೆದ್ದಾರಿಯನ್ನು ಬಿಟ್ಟು ಹಿಮವದ್ಗೋಪಾಲಸ್ವಾಮಿ ಬೆಟ್ಟವನ್ನು ನೋಡಿ ಬರಬಹುದು. ನಮ್ಮ ವಾಹನವನ್ನು ಬೆಟ್ಟದ ಬುಡದಲ್ಲಿ ಬಿಟ್ಟು ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು. ೧,೪೫೪ ಮೀಟರ್ ಎತ್ತರದ ಈ ಬೆಟ್ಟಕ್ಕೆ "ಹಿಮವದ್" ಎಂಬ ಹೆಸರು ಬಂದುದು ಅದರ ನೆತ್ತಿಯನ್ನು ಮುಸುಕುವ ಮಂಜಿನಿಂದ. ಬೀಸುವ ಗಾಳಿ ಬೆಟ್ಟಕ್ಕೆ ತಗಲಿ ಮೇಲೇರುತ್ತದೆ. ಮೇಲೆ ಒತ್ತಡ ಕಡಮೆಯಾದುದರಿಂದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ತನ್ನಲ್ಲಿದ್ದ ಆವಿಯನ್ನೆಲ್ಲ ಹಿಡಿದಿಟ್ಟುಕೊಳ್ಳಲಾರದೆ ಸೂಕ್ಷ್ಮ ಹನಿಗಳಾಗಿ ಬಿಟ್ಟುಕೊಡುತ್ತದೆ. ವಾತಾವರಣದಲ್ಲಿ ಸರಾಸರಿಯಾಗಿ ಒಂದು ಕಿಲೋಮೀಟರ್ ಏರಿದರೆ ಆರೂವರೆ ಡಿಗ್ರಿ ಉಷ್ಣತೆ ಇಳಿಯುವುದೆಂಬ ನಿಯಮದಿಂದ ಮೈಸೂರಿಗಿಂತ ಉದಕಮಂಡಲ ಒಂಬತ್ತು ಹತ್ತು ಡಿಗ್ರಿ ತಂಪಾಗಿರಬೇಕೆಂದು ಲೆಕ್ಕ ಹಾಕಬಹುದು. ಉಷ್ಣಮಾಪಕವನ್ನು ಕೊಂಡೊಯ್ದು ಪರೀಕ್ಷಿಸಿರಿ. ಮೇಲೆ ಒತ್ತಡ ಕಡಮೆಯಾದುದಕ್ಕೆ ಇನ್ನೂ ಎರಡು ಸಾಕ್ಷಿಗಳುಂಟು: ಏರುವಾಗ ಕಿವಿ ಕಟ್ಟಿದಂತಾಗುವುದು ಒಂದು, ಮೈಸೂರಿನಲ್ಲಿ ಸುಮಾರು ೯೭ ಡಿಗ್ರಿಯಲ್ಲಿ ಕುದಿಯುವ ನೀರು ಅಲ್ಲಿ ೯೨-೯೩ ಡಿಗ್ರಿಯಲ್ಲಿಯೇ ಕುದಿಯುವುದು ಇನ್ನೊಂದು. ತೆರೆದ ಪಾತ್ರೆಯಲ್ಲಿ ಅಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುವುದಕ್ಕೆ ಇದೇ ಕಾರಣ.

ಎರಡು ದಾರಿಗಳಲ್ಲಿ ಕಾಣುವ ಸಸ್ಯಸಂಪತ್ತಿನ ವ್ಯತ್ಯಾಸ ಅತ್ಯಂತ ಕುತೂಹಲಕರವಾದುದು. ಗೂಡಲೂರಿನ ದಾರಿಯಲ್ಲಿ ಚಹದ ತೋಟಗಳು, ದಟ್ಟವಾದ ಹಸುರು, ತೊಟ್ಟಿಕ್ಕುವ ಬಂಡೆಗಳು. ಮಸಿನಗುಡಿಯ ದಾರಿಯಲ್ಲಿ ಜಾಲಿ, ಮುಳ್ಳುಪೊದೆ, ಒಣ ಹುಲ್ಲು. ನಡುವೆ ಇರುವುದು ಒಂದೇ ಪರ್ವತ. ನೈಋತ್ಯ ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ತೇವವನ್ನು ಹೊತ್ತು ಬಂದು ಪಶ್ಚಿಮದ ಮುಖಕ್ಕೆ ತಗಲಿ ಮೇಲೇರಿ ಮಳೆಗರೆಯುತ್ತದೆ. ಪರ್ವತವನ್ನು ದಾಟಿ ಈಚೆಗೆ ಇಳಿಯುವಾಗ ಅದೇ ಗಾಳಿ ಕುಗ್ಗಿ ಬಿಸಿಯಾಗುತ್ತದೆ. ಮಳೆ ಕೊಡುವ ಬದಲು ನೆಲದ ತೇವವನ್ನೇ ಹೀರುತ್ತದೆ. ಪರ್ವತದ ಈ ಮಳೆನೆರಳಿನಲ್ಲಿ ಮಸಿನಗುಡಿಯ ಸೀಗೂರು ಪ್ರಸ್ಥಭೂಮಿ ಇದೆ. ಭೂಗೋಳದ ಪಾಠಪುಸ್ತಕದಲ್ಲಿ ಅರ್ಧ ಪುಟದ ಚಿತ್ರವಾಗಿ ನೋಡಿದುದನ್ನು, ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಬಂದವರು ಒಂದೇ ದಿನದಲ್ಲಿ ಕಣ್ಣಾರೆ ಕಾಣಬಹುದು. ಆದರೆ ಯಾವ ದಾರಿಯಲ್ಲಿ ಹತ್ತಬೇಕು, ಯಾವುದರಲ್ಲಿ ಇಳಿಯಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಇಳಿಯುವವನ ಶಕ್ತಿ ಎಲ್ಲಿಗೆ ಹೋಗಬೇಕು?

ಕಲ್ಹಟ್ಟಿಯ ದಾರಿ ಹತ್ತಿರದ್ದೇನೋ ಹೌದು. ಅದರ ಏರಿಕೆಯ ಬಹುಭಾಗ ಕೊನೆಯ ಹದಿನೈದು ಕಿಲೋಮೀಟರಿನೊಳಗೆ, ಮೂವತ್ತಾರು ಹೇರ್‌ಪಿನ್ ತಿರುವುಗಳಲ್ಲಿ ಬರುತ್ತದೆ. ಸಾವಿರ ಕಿಲೋಗ್ರಾಂ ತೂಕದ ಕಾರೊಂದು ಇಲ್ಲಿ ಸಾವಿರ ಮೀಟರ್ ಇಳಿಯಿತೆಂದು ಭಾವಿಸಿರಿ. ಅದು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ೯೮ ಲಕ್ಷ ಜೂಲ್. ಬುಡವನ್ನು ಮುಟ್ಟಿದಾಗ ಕಾರು ನಿಧಾನವಾಗಿಯೇ ಹೋಗುತ್ತಿರಬೇಕಾದುದರಿಂದ ಈ ಶಕ್ತಿ ಚಲನ ಶಕ್ತಿಯಾಗುವಂತಿಲ್ಲ. ಅದು ದಾರಿಯಲ್ಲಿಯೇ ಶಾಖವಾಗಿ ಹೋಗಬೇಕು. ಅರ್ಧ ಗಂಟೆಯಲ್ಲಿ ಇಳಿದರೆ ಸೆಕೆಂಡಿಗೆ ಸುಮಾರು ೫,೪೦೦ ಜೂಲ್. ನೀರು ಕಾಯಿಸುವ ಒಂದು ಕಿಲೋವಾಟಿನ ಸುರುಳಿಗಳು ಐದನ್ನು ಅರ್ಧ ಗಂಟೆ ಒಟ್ಟಿಗೆ ಉರಿಸಿದಂತೆ.

ಚಾಲಕನು ಇಡೀ ಇಳಿಜಾರಿನಲ್ಲಿ ಬ್ರೇಕನ್ನೇ ತುಳಿದುಕೊಂಡು ಇಳಿದನೆನ್ನಿ. ಬ್ರೇಕಿನ ಕಬ್ಬಿಣದ ಭಾಗಗಳೆಲ್ಲ ಸೇರಿ ೪೦ ಕಿಲೋಗ್ರಾಂ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಒಂದು ಕಿಲೋಗ್ರಾಂ ಕಬ್ಬಿಣವನ್ನು ಒಂದು ಡಿಗ್ರಿ ಕಾಯಿಸಲು ಸುಮಾರು ೪೫೦ ಜೂಲ್ ಸಾಕು. ನೀರಿಗೆ ಬೇಕಾಗುವುದು ೪,೨೦೦ ಜೂಲ್. ಶಾಖ ಹೊರಗೆ ಹೋಗದಿದ್ದರೆ ಬ್ರೇಕಿನ ಉಷ್ಣತೆ ೫೪೦ ಡಿಗ್ರಿಗಿಂತ ಹೆಚ್ಚು ಏರಬೇಕಾಗುತ್ತದೆ. ಗಾಳಿ ಒಂದಷ್ಟನ್ನು ಒಯ್ಯುತ್ತದೆ, ನಿಜ. ಆದರೆ ನಿಧಾನವಾಗಿ ಹೋಗುವ ವಾಹನಕ್ಕೆ ಗಾಳಿಯ ನೆರವೂ ಕಡಮೆ. ಬ್ರೇಕು ಬಹಳ ಬಿಸಿಯಾದಾಗ ಅದರ ಪಟ್ಟಿಗಳ ಘರ್ಷಣೆ ಕುಗ್ಗುತ್ತದೆ. ಬ್ರೇಕಿನ ಎಣ್ಣೆ ಹಳೆಯದಾಗಿ ತೇವ ಹೀರಿಕೊಂಡಿದ್ದರೆ ೧೪೦-೧೫೦ ಡಿಗ್ರಿಗಳಲ್ಲಿಯೇ ಕುದಿಯತೊಡಗಬಹುದು. ದ್ರವವನ್ನು ಒತ್ತಿ ಕುಗ್ಗಿಸಲಾಗದೆಂಬ ತತ್ತ್ವದ ಆಧಾರದ ಮೇಲೆ ಕೆಲಸ ಮಾಡುವ ಯಂತ್ರದಲ್ಲಿ ಆವಿಯ ಗುಳ್ಳೆಗಳು ಸೇರಿದರೆ, ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಪೆಡಲು ಮೆತ್ತಗೆ ಒಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಘಾಟಿಗಳಲ್ಲಿ "ಬ್ರೇಕ್ ಹಿಡಿಯಲಿಲ್ಲ" ಎಂದು ಪತ್ರಿಕೆಗಳಲ್ಲಿ ನಾವು ಓದುವ ದುರಂತಗಳಲ್ಲಿ ಹಲವಕ್ಕೆ ಇದೇ ಹಿನ್ನೆಲೆ.

ಪರಿಹಾರ ಸುಲಭವಾದುದು, ಹಳೆಯ ಚಾಲಕರಿಗೆಲ್ಲ ತಿಳಿದುದು. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಮೊದಲನೆಯ ಅಥವಾ ಎರಡನೆಯ ಗೇರಿನಲ್ಲಿದ್ದಾಗ ಚಕ್ರಗಳೇ ಇಂಜಿನನ್ನು ತಿರುಗಿಸಬೇಕಾಗುತ್ತದೆ. ಆ ಕೆಲಸದಲ್ಲಿ ಶಕ್ತಿಯ ಬಹುಭಾಗ ವ್ಯಯವಾಗಿ, ಇಂಜಿನ್ ಮತ್ತು ರೇಡಿಯೇಟರ್‌ಗಳ ಮೂಲಕ ಗಾಳಿಗೆ ಸೇರುತ್ತದೆ. ಬ್ರೇಕು ತಿರುವುಗಳಿಗೆ ಮೀಸಲಾಗಿ ತಂಪಾಗಿ ಉಳಿಯುತ್ತದೆ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದು ಈ ಎಲ್ಲ ರಕ್ಷಣೆಯನ್ನೂ ಕಿತ್ತೊಗೆದಂತೆ.

ತಿರುವಿನ ಲೆಕ್ಕವನ್ನೂ ನೋಡಿಬಿಡೋಣ. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದರೆ ಬರುವ ಉತ್ಕರ್ಷವನ್ನು ಟಯರಿನ ಘರ್ಷಣೆಯೇ ಒದಗಿಸಬೇಕು. ೧೫ ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ೨೦ ಕಿಲೋಮೀಟರ್ ವೇಗವಿದ್ದರೆ ವಾಹನದ ತೂಕದ ಐದನೆಯ ಒಂದು ಭಾಗದಷ್ಟು ಬಲ ಸಾಕು. ವೇಗ ೪೦ ಆದರೆ ಬೇಕಾಗುವ ಬಲ ನಾಲ್ಕು ಪಟ್ಟು, ತೂಕದ ಶೇಕಡ ೮೪ರಷ್ಟು. ಒಣಗಿದ ಡಾಮರು ರಸ್ತೆಯೂ ಅಷ್ಟನ್ನು ಕೊಡುವುದು ಕಷ್ಟ. ಮಳೆಯಲ್ಲಿ ನೆನೆದ ರಸ್ತೆ ಅದರ ಅರ್ಧವನ್ನೂ ಕೊಡಲಾರದೆ ಹೋಗಬಹುದು. ವೇಗ ಎರಡರಷ್ಟಾದರೆ ಅಪಾಯ ನಾಲ್ಕರಷ್ಟೆಂಬುದನ್ನು ಘಾಟಿಯ ಪ್ರತಿ ತಿರುವಿನಲ್ಲಿಯೂ ನೆನೆಯಬೇಕು. ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬ ನಿಯಮಕ್ಕೂ ಭೌತವಿಜ್ಞಾನದ ಆಧಾರವಿದೆ. ಕಡಿದಾದ ಏರಿನಲ್ಲಿ ಒಮ್ಮೆ ನಿಂತ ವಾಹನವನ್ನು ಹಿಂದಕ್ಕೆ ಜಾರಗೊಡದೆ ಮತ್ತೆ ಹೊರಡಿಸುವುದು ಬಹು ಕಷ್ಟ.

ಆದುದರಿಂದ ನೀಲಗಿರಿಗೆ ಹೊರಟವರಿಗೆ ನಮ್ಮ ಸಲಹೆ ಇದು. ಕಡಿದಾದ ದಾರಿಯಲ್ಲಿ ಹೋಗಲೇಬೇಕೆಂದಿದ್ದರೆ ಹತ್ತುವಾಗ ಹೋಗಿರಿ. ಇಳಿಯುವಾಗ ಗೂಡಲೂರಿನ ಬಳಸುದಾರಿಯನ್ನು ಹಿಡಿಯಿರಿ. ಮೂವತ್ತು ಕಿಲೋಮೀಟರ್ ಹೆಚ್ಚಾದರೂ ಅದೇ ಎತ್ತರ ಹೆಚ್ಚು ದೂರದಲ್ಲಿ ಹಂಚಿಹೋಗುವುದರಿಂದ ಶಾಖ ಹೊರಹೋಗಲು ಅವಕಾಶ ಹೆಚ್ಚು. ಕಲ್ಹಟ್ಟಿ ಘಾಟಿಯಲ್ಲಿ ಹೊರಗಿನ ವಾಹನಗಳ ಮೇಲೆ ಅಧಿಕಾರಿಗಳು ನಿರ್ಬಂಧಗಳನ್ನು ವಿಧಿಸಿದ್ದುಂಟು. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಕ್ಷೇಮ.

ರಾತ್ರಿಯ ಬಳಸುದಾರಿ

ಇನ್ನೊಂದು ಬಗೆಯ ಬಳಸುದಾರಿಯಿದೆ. ಅದನ್ನು ಹಿಡಿಯುವುದು ನಮ್ಮ ಕಣ್ಣಿನ ಸುಖಕ್ಕಾಗಿ ಅಲ್ಲ. ಬಂಡೀಪುರದ ಕಾಡನ್ನು ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರು ಗಂಟೆಯವರೆಗೆ ವಾಹನಸಂಚಾರವನ್ನು ೨೦೦೯ರಲ್ಲಿ ನಿಷೇಧಿಸಲಾಯಿತು. ಮರುವರ್ಷ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ರೋಗಿಗಳನ್ನು ಸಾಗಿಸುವ ವಾಹನಗಳಿಗೂ ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೂ ವಿನಾಯಿತಿ ದೊರೆಯಿತು. ಕೋಳಿಕ್ಕೋಡಿನ ಕಡೆಗೆ ರಾತ್ರಿ ಹೋಗಬೇಕಾದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಮೇಲೆ ಮಾನಂದವಾಡಿಗೆ ಹೋಗುವ ದಾರಿ ಬದಲಿಯಾಯಿತು. ಅದು ಮೂವತ್ತು ಚಿಲ್ಲರೆ ಕಿಲೋಮೀಟರ್ ಹೆಚ್ಚಿನ ದಾರಿ. ವ್ಯಾಪಾರಿಗಳಿಗೂ ಪ್ರಯಾಣಿಕರಿಗೂ ಇದರಿಂದ ತೊಂದರೆಯೆಂಬ ಆಕ್ಷೇಪಣೆ ಅನೇಕ ವರ್ಷಗಳಿಂದ ಕೇಳಿಬಂದಿದೆ. ಆ ತೊಂದರೆ ಸುಳ್ಳಲ್ಲ. ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂಬುದನ್ನೂ ತೂಗಿ ನೋಡಬೇಕು.

ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ೨೨ ಮೀಟರ್ ಕ್ರಮಿಸುತ್ತದೆ. ಮುಂದೆ ಜಿಂಕೆಯೊಂದು ಕಂಡಿತೆಂದು ಮನಸ್ಸಿಗೆ ಹೊಳೆದು ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲಿ ೨೨ ಮೀಟರ್ ಕಳೆಯಿತು. ಬ್ರೇಕು ಹಿಡಿದ ಮೇಲೆ ನಿಲ್ಲುವುದಕ್ಕೆ ಒಳ್ಳೆಯ ರಸ್ತೆಯಲ್ಲಿಯೂ ಸುಮಾರು ೪೧ ಮೀಟರ್ ಬೇಕು. ಒಟ್ಟು ೬೩ ಮೀಟರ್. ತಗ್ಗಿಸಿದ ದೀಪದ ಬೆಳಕಿನಲ್ಲಿ ರಸ್ತೆ ಚೆನ್ನಾಗಿ ಕಾಣುವುದು ನಲವತ್ತು ಐವತ್ತು ಮೀಟರ್ ಮಾತ್ರ. ಎಂದರೆ ಎಷ್ಟೇ ಎಚ್ಚರಿಕೆಯ ಚಾಲಕನಾದರೂ ಆ ಪ್ರಾಣಿಯನ್ನು ಉಳಿಸಲಾರ. ಅದು ಆನೆಯಾಗಿದ್ದರೆ ತನ್ನನ್ನೂ ಉಳಿಸಿಕೊಳ್ಳಲಾರ. ವೇಗ ೪೦ ಆಗಿದ್ದರೆ ಒಟ್ಟು ೨೧ ಮೀಟರಿನಲ್ಲಿ ವಾಹನ ನಿಲ್ಲುತ್ತದೆ. ಇದರ ಮೇಲೆ, ಕತ್ತಲೆಗೆ ಹೊಂದಿಕೊಂಡ ಪ್ರಾಣಿಯ ಕಣ್ಣಿಗೆ ಕಾರಿನ ದೀಪ ಬಡಿದಾಗ ಅದು ಓಡಲು ತಿಳಿಯದೆ ದಾರಿಯಲ್ಲಿಯೇ ನಿಂತುಬಿಡುವುದುಂಟು. ಹೆಚ್ಚಿನ ದಾರಿಯನ್ನು ಗಂಟೆಗೆ ೪೦ ಕಿಲೋಮೀಟರಿನಂತೆ ಕ್ರಮಿಸಿದರೆ ನಾವು ಕೊಡುವುದು ಸುಮಾರು ಮುಕ್ಕಾಲು ಗಂಟೆ. ಒಂಬತ್ತು ಗಂಟೆಗಳ ಕಾಲ ಕಾಡನ್ನು ಅದರ ನಿವಾಸಿಗಳಿಗೆ ಬಿಟ್ಟುಕೊಡುವುದಕ್ಕೆ ಇದು ದುಬಾರಿಯೆಂದು ನಮಗೆ ತೋರುವುದಿಲ್ಲ.

ಹೊರಡುವವರಿಗೆ ನಾಲ್ಕು ಮಾತು

ಮುಂದಿನ ರಜೆಯಲ್ಲಿ ಹೊರಡುವ ವಿದ್ಯಾರ್ಥಿಮಿತ್ರರು ಒಂದು ಸಣ್ಣ ಟಿಪ್ಪಣಿ ಪುಸ್ತಕವನ್ನೂ ಒಂದು ಉಷ್ಣಮಾಪಕವನ್ನೂ ಜೊತೆಗೆ ಒಯ್ಯಲಿ. ಹಲವು ಫೋನುಗಳಲ್ಲಿ ವಾಯುಭಾರವನ್ನು ಅಳೆಯುವ ಸಾಧನ ಅಡಗಿರುತ್ತದೆ; ಅದನ್ನೂ ಬಳಸಿಕೊಳ್ಳಬಹುದು. ನಿಂತ ಕಡೆಗಳಲ್ಲೆಲ್ಲ ಎತ್ತರ, ಉಷ್ಣತೆ, ಗಾಳಿಯ ಒತ್ತಡ, ಸುತ್ತಲಿನ ಮರಗಿಡಗಳ ಬಗೆ ಇವನ್ನು ಬರೆದಿಡಿರಿ. ಊರಿಗೆ ಮರಳಿದ ಮೇಲೆ ಎತ್ತರವನ್ನು ಒಂದು ಅಕ್ಷದಲ್ಲಿಯೂ ಉಷ್ಣತೆಯನ್ನು ಇನ್ನೊಂದರಲ್ಲಿಯೂ ಇಟ್ಟು ನಕ್ಷೆ ಬರೆದರೆ, ಕಿಲೋಮೀಟರಿಗೆ ಆರೂವರೆ ಡಿಗ್ರಿಯೆಂಬ ನಿಯಮ ಎಷ್ಟರ ಮಟ್ಟಿಗೆ ನಿಂತಿತು, ಎಲ್ಲಿ ತಪ್ಪಿತು ಎಂಬುದು ಗೋಚರವಾಗುವುದು. ತಪ್ಪಿದ ಕಡೆ ಏಕೆ ತಪ್ಪಿತೆಂದು ಯೋಚಿಸಿರಿ: ಬಿಸಿಲೆ, ಮೋಡವೆ, ಅಳತೆ ಮಾಡಿದ ಹೊತ್ತಿನ ವ್ಯತ್ಯಾಸವೆ?

ದಾರಿಯನ್ನು ಆರಿಸುವಾಗಲೂ ಇದೇ ವಿಚಾರಬುದ್ಧಿಯನ್ನು ಉಪಯೋಗಿಸಿರಿ. ಆಸ್ಪತ್ರೆಗೆ ಹೋಗಬೇಕಾದವನು ಕಾಲವನ್ನು ಕಡಮೆ ಮಾಡಬೇಕು. ಅವನಿಗೆ ಹೆದ್ದಾರಿಯೇ ಸರಿ. ಭಾರ ಹೊತ್ತ ಲಾರಿ ಬಲವನ್ನು ಕಡಮೆ ಮಾಡಬೇಕು; ಅದಕ್ಕೆ ಸುತ್ತುವ ಏರೇ ಸರಿ. ಬೆಟ್ಟ ಇಳಿಯುವವನು ಪ್ರತಿ ನಿಮಿಷಕ್ಕೆ ಹುಟ್ಟುವ ಶಾಖವನ್ನು ಕಡಮೆ ಮಾಡಬೇಕು; ಕಾಡನ್ನು ದಾಟುವವನು ಇತರ ಜೀವಿಗಳಿಗೆ ಆಗುವ ಹಾನಿಯನ್ನು. ರಜೆಯಲ್ಲಿ ಹೊರಟವನಿಗೆ ಕಡಮೆ ಮಾಡಬೇಕಾದುದು ಹೆಚ್ಚೇನೂ ಇಲ್ಲ. ಅವನು ದಾರಿಯಿಂದ ಕಲಿಯುವುದನ್ನು ಹೆಚ್ಚು ಮಾಡಿಕೊಂಡರೆ ಸಾಕು. ಅಂಗೈಯ ಫೋನು ಕೇಳಿದುದಕ್ಕೆ ತಪ್ಪಿಲ್ಲದೆ ಉತ್ತರ ಹೇಳೀತು. ಕೇಳಬೇಕಾದುದು ಏನೆಂಬುದನ್ನು ಹೊರಡುವ ಮುನ್ನ ನಾವೇ ತೀರ್ಮಾನಿಸಿಕೊಳ್ಳಬೇಕು.